ಟೋಕನ್ ಕೊಡುವ ಮೊದಲು ನೆಲದ ಮಟ್ಟ ಅಳೆಯಿರಿ: ಪುಣೆಯಲ್ಲಿ ಫ್ಲ್ಯಾಟ್ ನೋಡುವ ಕ್ರಮ

2024ರ ಜುಲೈ 25ರ ಬೆಳಗಿನ ಜಾವ ತಂಗಿಯ ಮಗನ ಫೋನು ಬಂತು. “ಮಾಮಾ, ಪಾರ್ಕಿಂಗ್‌ನಾಗ ಎದಿಮಟ ನೀರು ಬಂದಾವ. ಗಾಡಿ ಮುಳಗ್ಯಾವ, ಲೈಟ್ ಹೋಗ್ಯದ. ಕೆಳಗಿನ ಮನಿಯವರೆಲ್ಲಾ ನಮ್ಮ ಮನ್ಯಾಗ ಬಂದು ಕುಂತಾರ.” ಅವನ ಮನೆ ಸಿಂಹಗಡ ರಸ್ತೆಯ ಕಡೆ, ಮುಠಾ ನದಿಯ ದಂಡೆಗೆ. ಖಡಕ್‌ವಾಸ್ಲಾ ಅಣೆಕಟ್ಟೆಯಿಂದ ಆ ಹೊತ್ತಿಗೆ 35,000 ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟಿದ್ದರು. ಅದೇ ರಸ್ತೆಯ ಕಡೆಯ ಏಕತಾ ನಗರಿ ಬಡಾವಣೆಯ ನೆಲಮಹಡಿಗಳು ಮುಳುಗಿದ್ದು ಅದೇ ದಿನ.

ಮರುವರ್ಷ ಏಪ್ರಿಲ್‌ನಲ್ಲಿ ಅವನದೇ ಇನ್ನೊಂದು ಫೋನು. ಸೊಸೈಟಿಗೆ ಎರಡು ದಿನದಿಂದ ಟ್ಯಾಂಕರ್ ಬಂದಿಲ್ಲ, ನಳದಲ್ಲಿ ಹನಿ ನೀರಿಲ್ಲ, ಮಕ್ಕಳನ್ನು ಸ್ನಾನಕ್ಕೆ ನಮ್ಮ ಮನೆಗೆ ಕರೆತರಲೇ ಎಂದು. ‘ನದಿ ಕಾಣುವ ಮನೆ’ ಎಂದು ಅವನು ಹೆಚ್ಚಿಗೆ ದುಡ್ಡು ಕೊಟ್ಟು ಕೊಂಡ ಫ್ಲ್ಯಾಟ್ ಅದು.

ಪುಣೆಯ ಕಟ್ಟಡದ ಸೈಟುಗಳಲ್ಲಿ ನಾನು 28 ವರ್ಷ ಕೆಲಸ ಮಾಡಿದ್ದೇನೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ನಮ್ಮವರು ಮನೆ ಕೊಳ್ಳುವಾಗ ನನ್ನನ್ನೂ ಜೊತೆಗೆ ಕರೆಯುತ್ತಾರೆ. ಎಲ್ಲರೂ ಟೈಲ್ಸ್ ನೋಡುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆ ನೋಡುತ್ತಾರೆ, ಮಾಡ್ಯುಲರ್ ಕಿಚನ್ನಿನ ಡ್ರಾಯರ್ ಎಳೆದು ನೋಡುತ್ತಾರೆ. ಈ ಜಾಗ ನದಿಯಿಂದ ಎಷ್ಟು ಎತ್ತರದಲ್ಲಿದೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಸರ್ವೆ ನಂಬರು

ಬಿಲ್ಡರ್ ಕಚೇರಿಯಲ್ಲಿ ಸರ್ವೆ ನಂಬರು ಅಥವಾ ಗಟ್ ನಂಬರು ಮತ್ತು ಮಹಾರೇರಾ (ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ಪ್ರಾಧಿಕಾರ) ನೋಂದಣಿ ಸಂಖ್ಯೆ ಬರೆದುಕೊಳ್ಳಿ. ಸಾತ್‌ಬಾರಾ ಉತಾರ, ಅಂದರೆ ನಮ್ಮ ಪಹಣಿಯಂಥ ಕಾಗದ, ಆನ್‌ಲೈನಿನಲ್ಲೇ ಸಿಗುತ್ತದೆ. ಅರ್ಧ ಗಂಟೆಯ ಕೆಲಸ.

ಎರಡನೆಯ ಹೆಜ್ಜೆ: ಗೆರೆ ಮತ್ತು ಮಟ್ಟ

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆ ನದಿಯ ಎರಡೂ ಬದಿಗೆ ಎರಡು ಗೆರೆ ಗುರುತಿಸುತ್ತದೆ. 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹ ಮುಟ್ಟುವ ಜಾಗಕ್ಕೆ ನೀಲಿ ಗೆರೆ, 100 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹಕ್ಕೆ ಕೆಂಪು ಗೆರೆ. ನದಿಗೂ ನೀಲಿ ಗೆರೆಗೂ ನಡುವೆ ಮನೆ ಕಟ್ಟುವುದು ನಿಷಿದ್ಧ. ನೀಲಿಗೂ ಕೆಂಪಿಗೂ ನಡುವಿನ ಪಟ್ಟಿಯಲ್ಲಿ ಷರತ್ತಿನ ಮೇಲೆ ಕಟ್ಟಬಹುದು. ಕಟ್ಟಡದ ಪ್ಲಿಂತ್ (ಅಡಿಪಾಯದ ಮೇಲಿನ ನೆಲಗಟ್ಟು) ಕೆಂಪು ಗೆರೆಯ ಮಟ್ಟಕ್ಕಿಂತ 0.45 ಮೀಟರ್ ಮೇಲಿರಬೇಕು ಎಂಬುದು ಮುಖ್ಯ ಷರತ್ತು.

‘25 ವರ್ಷಕ್ಕೊಮ್ಮೆ’ ಎಂದ ಕೂಡಲೇ ಜನ ನಿರಾಳರಾಗುತ್ತಾರೆ. 2024ರಲ್ಲಿ ಬಂದು ಹೋಯಿತು, ಇನ್ನು ನಮ್ಮ ಕಾಲಕ್ಕೆ ಬರುವುದಿಲ್ಲ ಎಂದುಕೊಳ್ಳುತ್ತಾರೆ. ಅದರ ಅರ್ಥ ಹಾಗಲ್ಲ. ಪ್ರತಿ ವರ್ಷವೂ ಅಂಥ ಪ್ರವಾಹ ಬರುವ ಸಾಧ್ಯತೆ ನೂರಕ್ಕೆ ನಾಲ್ಕು ಎಂದು ಅರ್ಥ. 20 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಲೆಕ್ಕ ಹಾಕಿದರೆ ನೂರಕ್ಕೆ 56 ಆಗುತ್ತದೆ. ಕೆಂಪು ಗೆರೆಯ ಪ್ರವಾಹಕ್ಕೂ ಅದೇ 20 ವರ್ಷದಲ್ಲಿ ನೂರಕ್ಕೆ 18. ಹೀಗಾಗಿ ನೀಲಿ ಗೆರೆಗೆ ತಾಗಿದ ಮನೆ ಎಷ್ಟೇ ಅಗ್ಗವಿದ್ದರೂ ಬೇಡ. ಎರಡು ಗೆರೆಗಳ ನಡುವಿನ ಮನೆಯನ್ನೂ ನಾನು ಯಾರಿಗೂ ಕೊಳ್ಳಿ ಎನ್ನುವುದಿಲ್ಲ.

ಈಗ ಗೆರೆ ಹುಡುಕುವುದು. ಪುಣೆ ಮಹಾನಗರಪಾಲಿಕೆಯ ಅಭಿವೃದ್ಧಿ ಯೋಜನೆಯ ನಕ್ಷೆಯಲ್ಲಿ, ಪಿಂಪ್ರಿ-ಚಿಂಚವಾಡದ್ದಾದರೆ ಅಲ್ಲಿಯ ಪಾಲಿಕೆಯ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರು ಗುರುತಿಸಿ, ಝೋನ್ ದಾಖಲಾ (ಜಾಗ ಯಾವ ವಲಯದಲ್ಲಿದೆ ಎಂಬ ಪ್ರಮಾಣಪತ್ರ) ತೆಗೆಸಿಕೊಳ್ಳಿ. ಜಾಗ ನದಿಯಿಂದ ಅರ್ಧ ಕಿಲೋಮೀಟರಿನೊಳಗಿದ್ದರೆ ಅಷ್ಟಕ್ಕೇ ನಿಲ್ಲಬೇಡಿ. ಮಂಗಳವಾರ ಪೇಠೆಯಲ್ಲಿರುವ ಜಲಸಂಪನ್ಮೂಲ ಇಲಾಖೆಯ ಕಚೇರಿ ಸಿಂಚನ ಭವನಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದ ನಿಯಮದಂತೆ ಅರ್ಜಿ 150 ಶಬ್ದ ಮೀರಬಾರದು, ಒಂದೇ ವಿಷಯ ಕೇಳಬೇಕು. ಮರಾಠಿಯಲ್ಲಿ ಬರೆಸಿ. ‘ಈ ಸರ್ವೆ ನಂಬರಿನ ಎದುರು ನೀಲಿ ಮತ್ತು ಕೆಂಪು ಪೂರರೇಷೆಯ ಮಟ್ಟ ಎಷ್ಟು ಮೀಟರ್’ ಎಂದಷ್ಟೇ ಕೇಳಿ. ಪೂರರೇಷೆ ಎಂದರೆ ಪ್ರವಾಹದ ಗೆರೆ. ಮೀಟರ್ ಎಂಬ ಮಾತು ಬಿಡಬೇಡಿ. ನಕ್ಷೆಯ ಗೆರೆಯನ್ನು ಬಿಲ್ಡರ್‌ನ ಸೇಲ್ಸ್ ಹುಡುಗ ಬೆರಳಿಟ್ಟು ಹೇಗೆ ಬೇಕಾದರೂ ತೋರಿಸಬಹುದು. ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂಬ ಅಂಕಿಯನ್ನು ತಿರುಚಲಾಗದು. ಮಂಜೂರಾದ ಪ್ಲಾನಿನಲ್ಲಿ ಪ್ಲಿಂತ್‌ನ ಆರ್.ಎಲ್. (ಎತ್ತರದ ಮಟ್ಟ) ಎಂದು ಇನ್ನೊಂದು ಅಂಕಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಬರೆದು ನೋಡಿ.

‘ಬ್ಯಾಂಕ್ ಸಾಲ ಕೊಡುತ್ತಿದೆಯಲ್ಲ, ಅವರು ನೋಡಿರುವುದಿಲ್ಲವೇ’ ಎಂದು ಕೇಳುವವರು ಬಹಳ. ಬ್ಯಾಂಕಿನ ವಕೀಲರು ಮುಖ್ಯವಾಗಿ ನೋಡುವುದು ಜಾಗ ಯಾರ ಹೆಸರಿನಲ್ಲಿದೆ ಎಂಬುದನ್ನು. ಚಿಖಲಿಯಲ್ಲಿ ಇಂದ್ರಾಯಣಿ ನದಿಯ ನೀಲಿ ಗೆರೆಯೊಳಗೆ ಕಟ್ಟಿದ್ದ 36 ಬಂಗಲೆಗಳನ್ನು 2025ರ ಮೇ ತಿಂಗಳಲ್ಲಿ ಪಾಲಿಕೆ ಕೆಡವಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅಲ್ಲಿದ್ದವರಿಗೆ ಬೇರೆ ದಾರಿ ಉಳಿದಿರಲಿಲ್ಲ. ಆ ಚಿತ್ರ ಟಿವಿಯಲ್ಲಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾಗದ ಆಯಿತು. ಈಗ ಜಾಗಕ್ಕೆ ಹೋಗಿ ಅಳೆಯಬೇಕು. ಫೋನಿನ ಎತ್ತರ ತೋರಿಸುವ ಆ್ಯಪ್‌ಗಳನ್ನು ಇದಕ್ಕೆ ಬಳಸಲೇಬೇಡಿ. ಅವು ಕೆಲವು ಮೀಟರ್ ಹೆಚ್ಚುಕಡಿಮೆ ತೋರಿಸುತ್ತವೆ. ನಮಗೆ ಬೇಕಿರುವುದು ಗೇಣಿನ ಲೆಕ್ಕ. ಗೌಂಡಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪು ಸಾಕು. ನೀರು ತುಂಬಿದರೆ ಅದರ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 20 ಮೀಟರ್ ಕೊಳ್ಳಿ. ದಪ್ಪ ಗೋಡೆಯದ್ದನ್ನೇ ಕೇಳಿ. ತೆಳುವಾದದ್ದು ಬಿಸಿಲಿಗೆ ಮಡಚಿಕೊಂಡು ನೀರು ಕಟ್ಟುತ್ತದೆ.

ಮೊದಲು ಹತ್ತಿರದಲ್ಲಿ ನೆರೆ ಮುಟ್ಟಿದ ಗುರುತು ಹುಡುಕಬೇಕು. ಹಳೆಯ ಕಾಂಪೌಂಡ್ ಗೋಡೆ, ಗುಡಿಯ ಕಟ್ಟೆ, ಸೇತುವೆಯ ಕಂಬಗಳ ಮೇಲೆ ಕೆಸರಿನ ಅಡ್ಡಗೆರೆ ವರ್ಷಗಟ್ಟಲೆ ಉಳಿಯುತ್ತದೆ. ದಂಡೆಯ ಮರದ ಕೊಂಬೆಗೆ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿದ್ದರೆ ನೀರು ಅಷ್ಟು ಎತ್ತರಕ್ಕೆ ಬಂದಿತ್ತೆಂದೇ ಲೆಕ್ಕ. ಇಸ್ತ್ರಿ ಅಂಗಡಿಯವರನ್ನು, ಹಳೆಯ ಕಿರಾಣಿ ಅಂಗಡಿಯವರನ್ನು ಕೇಳಿ. ಯಾವ ಮೆಟ್ಟಿಲಿಗೆ ನೀರು ಬಂದಿತ್ತೆಂದು ಅವರು ಕಾಲಿಟ್ಟು ತೋರಿಸುತ್ತಾರೆ. ವಯಸ್ಸಾದವರು 1961ರ ಜುಲೈ 12ರ ಪಾನ್‌ಶೇತ್ ಕಥೆ ಹೇಳಿದರೆ ಕೇಳಿಸಿಕೊಳ್ಳಿ, ಆದರೆ ಅದನ್ನು ಅಳತೆಗೆ ಹಿಡಿಯಬೇಡಿ. ಅದು ಅಣೆಕಟ್ಟೆ ಒಡೆದು ಬಂದ ನೀರು.

ತಂಗಿಯ ಮಗನ ಸೊಸೈಟಿಯ ಪಕ್ಕದಲ್ಲೇ ಅದೇ ಬಿಲ್ಡರ್ ಎರಡನೆಯ ಹಂತ ಕಟ್ಟುತ್ತಿದ್ದ. ‘ಈ ಸಲ ನೆಲ ಎತ್ತರಿಸಿದ್ದೇವೆ, ನೀರಿನ ಭಯವಿಲ್ಲ’ ಎಂದು ಹೇಳುತ್ತಿದ್ದರು. ನನ್ನ ಗೆಳೆಯರೊಬ್ಬರು ಅಲ್ಲಿ ಬುಕ್ ಮಾಡಲು ಹೊರಟಿದ್ದರು. ಯಾದಗಿರಿ ಕಡೆಯ ಗೌಂಡಿಯೊಬ್ಬನನ್ನು ಕರೆದುಕೊಂಡು ಭಾನುವಾರ ಬೆಳಿಗ್ಗೆ ಹೋದೆವು. ಬಕೆಟ್ಟಿನಿಂದ ಪೈಪಿಗೆ ನೀರು ಎಳೆದು, ಎರಡೂ ತುದಿಗಳನ್ನು ಒಟ್ಟಿಗೆ ಹಿಡಿದು ನೋಡಿದ. ಒಂದರಲ್ಲಿ ನೀರು ಎರಡು ಬೆರಳು ಕೆಳಗಿತ್ತು. “ಸಾಹೇಬ್ರ, ತಡೀರಿ, ಒಳಗ ಗುಳ್ಳಿ ಅದ” ಎಂದವನೇ ಪೈಪಿನುದ್ದಕ್ಕೂ ಉಗುರಿನಿಂದ ತಟ್ಟುತ್ತಾ ಹೋದ. ಅಕ್ಕಿಕಾಳಿನಷ್ಟು ಗಾಳಿಗುಳ್ಳೆಗಳು ಒಂದೊಂದಾಗಿ ತುದಿಗೆ ಬಂದು ಒಡೆದವು. ಆಮೇಲೆ ಎರಡೂ ಕಡೆ ನೀರು ಸಮ ನಿಂತಿತು. ಈ ತಟ್ಟುವ ಕೆಲಸ ಬಿಟ್ಟರೆ ಇಡೀ ಅಳತೆ ಸುಳ್ಳಾಗುತ್ತದೆ. ತುದಿಗೆ ಹೆಬ್ಬೆರಳು ಮುಚ್ಚಿಟ್ಟೇ ಗುರುತು ಹಾಕಿದರೂ ಅಷ್ಟೇ.

ಕೆಸರಿನ ಗೆರೆಗೆ ಒಂದು ತುದಿ ಹಿಡಿದು, ಇನ್ನೊಂದನ್ನು ಮುಂದಿನ ಕಂಬಕ್ಕೆ ಒಯ್ದು, ಚಾಕ್‌ಪೀಸಿನಿಂದ ಗುರುತು ಹಾಕುತ್ತಾ ಏಳು ಸಲ ದಾಟಿಸಿದೆವು. ಹೊಸ ಕಟ್ಟಡದ ಪಾರ್ಕಿಂಗ್ ಕಂಬಕ್ಕೆ ಬಂದು ನೋಡಿದರೆ ನೆರೆಯ ಮಟ್ಟ ನೆಲದಿಂದ 85 ಸೆಂಟಿಮೀಟರ್ ಮೇಲಿತ್ತು. ನೆಲ ಎತ್ತರಿಸಿದ್ದು ನಿಜ, ಹಳೆಯದಕ್ಕಿಂತ 40 ಸೆಂಟಿಮೀಟರ್ ಮಾತ್ರ. ವಿದ್ಯುತ್ ಮೀಟರ್ ಬೋರ್ಡಿನ ಕೆಳಗಿನ ಅಂಚು ನೆಲದಿಂದ 60 ಸೆಂಟಿಮೀಟರಿನಲ್ಲಿತ್ತು. ಕುಡಿಯುವ ನೀರಿನ ಸಂಪಿನ ಮುಚ್ಚಳ ನೆಲಕ್ಕೆ ಸಮವಾಗಿತ್ತು. ಗೆಳೆಯರು ಮಾತಾಡದೆ ಗಾಡಿ ಹತ್ತಿದರು.

ನೀವೂ ಈ ಮೂರನ್ನೇ ಅಳೆಯಿರಿ: ಪಾರ್ಕಿಂಗ್ ನೆಲ, ಮೀಟರ್ ಬೋರ್ಡು, ಸಂಪಿನ ಮುಚ್ಚಳ. ‘ನಮ್ಮದು ಏಳನೆಯ ಮಹಡಿ’ ಎಂದು ಧೈರ್ಯದಿಂದಿರುವವರ ಮನೆಗೂ ವಿದ್ಯುತ್ತು, ಲಿಫ್ಟು, ಕುಡಿಯುವ ನೀರು ಹೋಗುವುದು ಕೆಳಗಿನಿಂದಲೇ. ಜುಲೈ 25ರ ಅದೇ ದಿನ ಡೆಕ್ಕನ್ ಭಾಗದಲ್ಲಿ ಮೂವರು ವಿದ್ಯುತ್ ತಗುಲಿ ಸತ್ತರು. ನೂರು ಮೀಟರಿಗಿಂತ ದೂರ ಮಟ್ಟ ಒಯ್ಯಬೇಕಾದರೆ ಪೈಪು ಬೇಡ, ಮಟ್ಟ ಅಳೆಯುವ ಆಟೊ ಲೆವೆಲ್ ಯಂತ್ರ ಇರುವ ಸರ್ವೆಯರ್ ಕರೆಸಿ.

ಹಳೆಯ ಫ್ಲ್ಯಾಟ್ ಕೊಳ್ಳುವವರಿಗೆ ಒಂದು ಮಾತು: ಕಟ್ಟಡವೆಲ್ಲ ಮಾಸಿದ್ದು, ಪಾರ್ಕಿಂಗ್ ಗೋಡೆಗೆ ಮಾತ್ರ ಸೊಂಟದವರೆಗೆ ಹೊಸ ಬಣ್ಣವಿದ್ದರೆ ಕಾರಣ ಕೇಳಿ.

ಮೂರನೆಯ ಹೆಜ್ಜೆ: ಓಢಾ

ನದಿ ದೂರವಿದೆ ಎಂದು ಬಿಡುವಂತಿಲ್ಲ. ನಾವು ಹಳ್ಳ ಎನ್ನುವುದನ್ನು ಇಲ್ಲಿ ಓಢಾ ಎನ್ನುತ್ತಾರೆ. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಇಳಿಯುವ ಆಂಬಿಲ್ ಓಢಾ ಉಕ್ಕಿ ಸಹಕಾರನಗರ, ಅರಣ್ಯೇಶ್ವರದ ಮನೆಗಳಿಗೆ ನುಗ್ಗಿತು. ಆ ಮಳೆಗೆ ಪುಣೆ ಮತ್ತು ಸುತ್ತಮುತ್ತ 20ಕ್ಕೂ ಹೆಚ್ಚು ಜನ ಸತ್ತರು. ಅಣೆಕಟ್ಟೆಯ ನೀರಿಗೆ ಮುನ್ಸೂಚನೆ ಸಿಗುತ್ತದೆ, ಓಢಾದ ನೀರಿಗೆ ಸಿಗುವುದಿಲ್ಲ. ಹಳೆಯ ಸರ್ವೆ ನಕ್ಷೆಯಲ್ಲಿ ಓಢಾ ಎಲ್ಲಿತ್ತು ನೋಡಿ, ಈಗ ಅದು ಎಲ್ಲಿ ಹೋಯಿತು ಎಂದು ನಡೆದು ಹುಡುಕಿ. ಅಗಲವಾಗಿ ಬಂದ ಹಳ್ಳ ನಿಮ್ಮ ಗೇಟಿನ ಹತ್ತಿರ ಎರಡು ಪೈಪಿನೊಳಗೆ ತೂರಿದ್ದರೆ ಆ ಮನೆ ಬೇಡ. ಓಢಾ ನದಿಗೆ ಸೇರುವ ಬಾಯಿಯ ಹತ್ತಿರದ ಜಾಗವೂ ಬೇಡ. ನದಿ ತುಂಬಿದಾಗ ಹಳ್ಳದ ನೀರು ಮುಂದೆ ಹೋಗಲಾಗದೆ ಹಿಂದಕ್ಕೆ ಒತ್ತುತ್ತದೆ.

ನಾಲ್ಕನೆಯ ಹೆಜ್ಜೆ: ಏಪ್ರಿಲ್‌ನ ನೀರು

ಖಡಕ್‌ವಾಸ್ಲಾ, ಪಾನ್‌ಶೇತ್, ವರಸ್‌ಗಾಂವ್, ಟೆಮ್‌ಘರ್ ನಾಲ್ಕೂ ಅಣೆಕಟ್ಟೆ ಸೇರಿ ಹಿಡಿಯುವುದು 29.15 ಟಿಎಂಸಿ. ಇದರಲ್ಲಿ ನಗರದ ಕುಡಿಯುವ ನೀರು ಬರಬೇಕು, ದೌಂಡ್, ಇಂದಾಪುರದ ಹೊಲಗಳಿಗೂ ಹೋಗಬೇಕು. ಖಡಕ್‌ವಾಸ್ಲಾದ ಪಾಲು 2 ಟಿಎಂಸಿಗೂ ಕಡಿಮೆ, ಅದಕ್ಕೇ ಜೋರು ಮಳೆಗೆ ಬೇಗ ತುಂಬಿ ಬಾಗಿಲು ತೆರೆಯುತ್ತಾರೆ. ಜುಲೈನಲ್ಲಿ ಪಾರ್ಕಿಂಗ್‌ಗೆ ನುಗ್ಗಿದ ನೀರು ಏಪ್ರಿಲ್‌ನಲ್ಲಿ ನಳಕ್ಕೆ ಬರುವುದಿಲ್ಲ.

ಪಾಲಿಕೆಗೆ 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಸೇರಿದವು. ಇಂಥ ಕಡೆ ಪಾಲಿಕೆಯ ನೀರು ಬರುವವರೆಗೆ ತಾನೇ ಒದಗಿಸುತ್ತೇನೆಂದು ಬಿಲ್ಡರ್ ಹಮೀಪತ್ರ (ಮುಚ್ಚಳಿಕೆ) ಬರೆದುಕೊಟ್ಟಿರುತ್ತಾನೆ. ಅದರ ಪ್ರತಿ ಕೇಳಿ ಇಸಿದುಕೊಳ್ಳಿ. ಮುಂದೆ ಟ್ಯಾಂಕರಿನ ಬಿಲ್ಲು ಸೊಸೈಟಿಯ ತಲೆಗೆ ಬಂದಾಗ ಕೈಯಲ್ಲಿರುವುದು ಅದೊಂದೇ ಕಾಗದ.

ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಮಾನದಂಡ. ನಾಲ್ವರ ಮನೆಗೆ 540. ಇನ್ನೂರು ಮನೆಗಳಿಗೆ 1,08,000 ಲೀಟರ್; 10,000 ಲೀಟರಿನ ಟ್ಯಾಂಕರ್ ಹನ್ನೊಂದು, ಪ್ರತಿದಿನ. ಏಪ್ರಿಲ್ ಕೊನೆಯ ವಾರ ಬೆಳಿಗ್ಗೆ ಏಳಕ್ಕೆ ಗೇಟಿನ ಮುಂದೆ ನಿಂತು ಎಣಿಸಿ. ಆಗಲೇ ಜನ ವಾಸವಿರುವ ಸೊಸೈಟಿಯಾದರೆ ಮಾರ್ಚ್‌ನಿಂದ ಮೇ ವರೆಗಿನ ಟ್ಯಾಂಕರ್ ಖರ್ಚಿನ ಪುಸ್ತಕ ತೋರಿಸಲು ಕೇಳಿ. ‘ಐದು ಬೋರ್‌ವೆಲ್ ಇವೆ’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಪುಣೆಯ ಕೆಳಗಿರುವುದು ಕರಿಕಲ್ಲು, ನೀರು ಇರುವುದು ಅದರ ಬಿರುಕುಗಳಲ್ಲಿ. ಏಪ್ರಿಲ್‌ನಲ್ಲಿ ಪಂಪು ಒಂದು ಗಂಟೆ ಓಡಿಸಲು ಹೇಳಿ. ನಡುವೆ ಗಾಳಿ ಎಳೆದರೆ ಆ ಬೋರು ಲೆಕ್ಕಕ್ಕಿಲ್ಲ. ಮಳೆಕೊಯ್ಲಿನ ಗುಂಡಿಯ ಮುಚ್ಚಳವನ್ನೂ ತೆಗೆಸಿ ನೋಡಿ, ಎಷ್ಟೋ ಕಡೆ ಅದರೊಳಗೆ ತೋಟದ ಮಣ್ಣು ತುಂಬಿರುತ್ತದೆ.

ಐದನೆಯ ಹೆಜ್ಜೆ: ನೀರಿನ ಪರೀಕ್ಷೆ

2025ರ ಜನವರಿಯಲ್ಲಿ ನಾಂದೇಡ್ ಗಾಂವ್, ಕಿರ್ಕಟ್‌ವಾಡಿ, ಧಾಯರಿ ಭಾಗದಲ್ಲಿ ನರಗಳಿಗೆ ತಗಲುವ ಗಿಲಿಯನ್ ಬಾರೆ ಕಾಯಿಲೆ ಹಬ್ಬಿದಾಗ ಸಂಶಯ ಹೋದದ್ದು ಕಲುಷಿತ ನೀರಿನ ಮೇಲೆ. ಟಿಡಿಎಸ್ ಪೆನ್ನು ತೋರಿಸಿ ‘ನೀರು ಚೆನ್ನಾಗಿದೆ’ ಎನ್ನುವವರನ್ನು ನಂಬಬೇಡಿ. ಅದು ಕರಗಿದ ಲವಣ ಅಳೆಯುತ್ತದೆ, ರೋಗಾಣು ಅದಕ್ಕೆ ತಿಳಿಯದು. ಕ್ಲೋರಿನ್ ಕಿಟ್ ತಂದು ನಳದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇದೆಯೇ ನೋಡಿ. ರೋಗಾಣು ಪತ್ತೆಗೆ ಬಳಸುವ ಎಚ್‌2ಎಸ್ ಬಾಟಲಿಯಲ್ಲಿ ನೀರು ತುಂಬಿ ಎರಡು ದಿನ ಇಡಿ. ಕಪ್ಪಾದರೆ ಕುಡಿಯಬೇಡಿ, ಪ್ರಯೋಗಾಲಯಕ್ಕೆ ಕೊಡಿ.

ಆಗಲೇ ಕೊಂಡವರಿಗೆ

ಸಂಪಿನ ಮುಚ್ಚಳವನ್ನು ನೆರೆಯ ಗುರುತಿಗಿಂತ ಒಂದು ಅಡಿ ಮೇಲಕ್ಕೆ ಕಾಂಕ್ರೀಟ್ ಕೊರಳು ಕಟ್ಟಿ ಏರಿಸಿ. ಇಟ್ಟಿಗೆ ಗೋಡೆ ಬೇಡ, ಅದು ಸೋರುತ್ತದೆ. ಮೀಟರ್ ಬೋರ್ಡನ್ನು ಮೊದಲ ಮಹಡಿಗೆ ಸಾಗಿಸಲು ವಿದ್ಯುತ್ ಕಂಪನಿಗೆ ಅರ್ಜಿ ಕೊಡಿ. ಚರಂಡಿ ಪೈಪು ಹೊರಗೆ ಸೇರುವಲ್ಲಿ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಕೂರಿಸಿ. ನಮ್ಮ ಹುಡುಗನ ಸೊಸೈಟಿಗೆ ಮೊದಲು ನೀರು ನುಗ್ಗಿದ್ದು ಗೇಟಿನಿಂದಲ್ಲ, ಒಳಗಿನ ಚರಂಡಿಯಿಂದ. ಗೃಹವಿಮೆಯಲ್ಲಿ ನೆರೆಯ ಹಾನಿ ಸೇರಿದೆಯೇ ಓದಿ.

ಆ ಸೊಸೈಟಿಯವರು ಸಂಪಿನ ಕೊರಳು ಕಟ್ಟಿಸಿ ಮುಗಿಸಿದ್ದಾರೆ, ಮೀಟರ್ ಸಾಗಿಸುವ ಕೆಲಸ ನಡೆದಿದೆ. ನೀವೂ ಮಾಡಿಸುವುದಿದ್ದರೆ ಏಪ್ರಿಲ್‌ನಲ್ಲೇ ಹಿಡಿಯಿರಿ. ಜೂನ್ ಬಂತೆಂದರೆ ಗೌಂಡಿಗಳು ಬಿತ್ತನೆಗೆಂದು ಊರಿಗೆ ಹೋಗಿಬಿಡುತ್ತಾರೆ.