ಕೆಂಗುರಿ ಟಗರಿನ ಜೋಲುಗಿವಿ: ಕಾರ್ಟಿಲೇಜ್ ತೆಗೆದು ಕಿಟ್ಟ ಕೂಡಿಸಿದ ನನ್ನ ಅನುಭವ

ಸತ್ತ ಟಗರಿನ ತಲೆ ಸ್ಟಫ್ ಮಾಡುವಾಗ ಕಿವಿಯೊಳಗಿನ ಕಾರ್ಟಿಲೇಜ್ (ಮೆತ್ತನೆಯ ಎಲುಬು) ಪೂರ್ತಿ ತೆಗೆದುಬಿಡಬೇಕು, ಆ ಜಾಗಕ್ಕೆ ಅದೇ ಅಳತೆಯ ಕಿಟ್ಟದ, ಅಂದರೆ ಗೋಣಿಪುಡಿ-ಹುಣಸೆ ಅಂಟಿನ ಮುದ್ದೆಯ, ಹಾಳೆ ಕೂಡಿಸಬೇಕು ಅಂತ ನಾನು ಹೇಳಿದಾಗ ಈ ಕಸುಬಿನವರು ಒಬ್ಬರೂ ಒಪ್ಪಲಿಲ್ಲ. "ಎಲುಬು ತಗದ್ರ ಕಿವಿ ಹೆಂಗ ನಿಲ್ತೈತೋ ತಮ್ಮಾ? ಫಾರ್ಮಾಲಿನ್ ಚುಚ್ಚು, ಸುಮ್ನ ಬಿಡು" ಅಂದರು ನನಗೆ ಕೆಲಸ ಕಲಿಸಿದ ಹಿರಿಯರು. ಸಿಂಧನೂರಿನ ನನ್ನ ಶೆಡ್ಡಿನಲ್ಲಿ ಈಗ ಬೇಸಿಗೆ ದಾಟಿ ಬಂದ ಕೆಂಗುರಿ (ನಮ್ಮ ಸೀಮೆಯ ಕುರಿ ತಳಿ) ತಲೆಗಳಿವೆ. ಕಿವಿಯ ಅಂಚು ಎಲ್ಲೂ ಮುದುರಿಲ್ಲ. ಯಾರು ಬೇಕಾದರೂ ಬಂದು ಬೆರಳಾಡಿಸಿ ನೋಡಬಹುದು.

ನಮಗೆ ಸಿಗುವ ಪಾಠವೆಲ್ಲ ಅಮೆರಿಕದ ಜಿಂಕೆಯದು. ಇಲ್ಲಿ ಜಿಂಕೆ, ಚಿಗರಿ ಮುಟ್ಟುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಇರಲೂಬೇಕು. ನಮ್ಮ ಕೈಗೆ ಬರುವುದು ಸಾಕಿದವರು ಆಸೆಪಟ್ಟು ತರುವ ಬೀಜದ ಟಗರು, ಒಮ್ಮೊಮ್ಮೆ ಹೋತ. ಜಿಂಕೆಯ ಕಿವಿ ಎದ್ದು ನಿಲ್ಲುವಂಥದ್ದು, ಕಾರ್ಟಿಲೇಜಿನ ಬದಲು ಕಿವಿಯೊಳಗೆ ಕೂಡಿಸಲು ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಲೈನರ್ ಅದರ ಅಚ್ಚಿನದೇ. ಲಿಂಗಸುಗೂರು, ಸಿಂಧನೂರು, ಮಾನ್ವಿ, ಗಂಗಾವತಿ ಸೀಮೆಯ ಕೆಂಗುರಿಯ ಕಿವಿ ಜೋತುಬೀಳುತ್ತದೆ. ಬುಡದ ತಿರುವೇ ಬೇರೆ.

ಕಾರ್ಟಿಲೇಜ್ ಒಳಗೇ ಬಿಟ್ಟು, ಕೆಡದಂತೆ ಫಾರ್ಮಾಲಿನ್ ಚುಚ್ಚುವ ದಾರಿ ನಮ್ಮ ಬಿಸಿಲಿಗೆ ಆಗಿಬರುವುದಿಲ್ಲ. ರಾಯಚೂರು ಕಡೆ ಏಪ್ರಿಲ್-ಮೇ ಅಂದರೆ 42-43 ಡಿಗ್ರಿ, ಗಾಳಿಯೂ ಒಣ. ಒಳಗಿನ ಕಾರ್ಟಿಲೇಜ್ ಒಣಗುತ್ತಾ ಕುಗ್ಗುತ್ತದೆ, ತೊಗಲನ್ನೂ ಎಳೆದುಕೊಳ್ಳುತ್ತದೆ, ಕಿವಿ ಕರಿದ ಹಪ್ಪಳದಂತೆ ಸುರುಟುತ್ತದೆ. ಹಾಗೆ ಸುರುಟಿದ ಒಂದು ತಲೆಗೆ ಸುಮಾರು 8 ಸಾವಿರ ಮುಂಗಡ ವಾಪಸ್ ಕೊಟ್ಟೆ, ತೊಗಲು, ಕಣ್ಣು, ಫಾರ್ಮ್ (ತೊಗಲಿನೊಳಗೆ ಕೂರುವ ತಲೆಯಾಕಾರ) ಎಲ್ಲ ನನ್ನ ಲೆಕ್ಕಕ್ಕೆ. ಆಮೇಲೆ ಲೈನರ್ ತರಿಸಿದೆ. ಕೊರಿಯರ್ ಸೇರಿ ಜೋಡಿಗೆ ಸಾವಿರದ ಹತ್ತಿರ ಬಿತ್ತು. ಕತ್ತರಿಸಿ, ಬಿಸಿ ಮಾಡಿ ಬಗ್ಗಿಸಿದರೂ ನುಣ್ಣನೆ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯಲಿಲ್ಲ. ಕಿವಿಯ ಗುಳಿಯಲ್ಲಿ ತೊಗಲು ಮೇಲೆದ್ದು ಡೊಳ್ಳಾಯಿತು. ಗ್ಯಾರೇಜಿನ ಬಾಡಿ ಪುಟ್ಟಿಯೂ ಆಯಿತು. ಹಾರ್ಡ್‌ನರ್ ಕಲಸಿ ಕಿವಿಗೆ ತುಂಬುವಷ್ಟರಲ್ಲಿ ಬೇಸಿಗೆಯಲ್ಲಿ ಗಟ್ಟಿಯಾಗಿಬಿಡುತ್ತದೆ. ಹಾರ್ಡ್‌ನರ್ ಕಡಿಮೆ ಮಾಡಿದರೆ ತುಸು ಸಮಯ ಸಿಗುತ್ತದೆ, ಆದರೆ ಕಿವಿ ದಪ್ಪ, ಭಾರ. ಎದ್ದ ಕಿವಿಗೆ ನಡೆಯಬಹುದು, ಜೋಲುಗಿವಿಯ ತೆಳುವು ಅದರಲ್ಲಿ ಬರುವುದಿಲ್ಲ. ಹಳೆಯ ಎಕ್ಸ್-ರೇ ಫಿಲಂ ಕತ್ತರಿಸಿ ಕೂಡಿಸಿಯೂ ನೋಡಿದೆ. ತೆಳುವು ಸರಿ ಇತ್ತು, ಆದರೆ ಒಂದೇ ಕಡೆ ಬಾಗುತ್ತದೆ, ಬಟ್ಟಲಿನ ಆಕಾರ ಕೊಡಲು ಬರುವುದಿಲ್ಲ. ಮರಿಯ ಸಣ್ಣ ಕಿವಿಗೆ ಮಾತ್ರ ಈಗಲೂ ಅದನ್ನೇ ಬಳಸುತ್ತೇನೆ.

ಕಿಟ್ಟದ ವಿಚಾರ ಹೊಳೆದದ್ದು ಕೊಪ್ಪಳದ ಕಿನ್ನಾಳದಲ್ಲಿ. ಅಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರು ಗೋಣಿಯ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರಲ್ಲ, ಅದೇ ಕಿಟ್ಟ. ಗೊಂಬೆಗೆ ಹಿಡಿಯುವುದು ಕಿವಿಗೇಕೆ ಹಿಡಿಯಬಾರದು? ಪ್ರಾಣಿ ಸ್ಟಫ್ ಮಾಡುವುದರಲ್ಲಿ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್‌ನವರು ಕಾಗದದ ಮುದ್ದೆಯ ಫಾರ್ಮಿನ ಮೇಲೆಯೇ ಹುಲಿ, ಚಿರತೆ ನಿಲ್ಲಿಸಿದವರು. ಹಾಗಾಗಿ ಧೈರ್ಯವಿತ್ತು.

ಕಿವಿಯ ತೊಗಲು ಬಿಡಿಸಿ ಒಳಮಗುಚುವುದು (ಚೀಲದಂತೆ ಒಳಗನ್ನು ಹೊರಗೆ ಮಾಡುವುದು) ಈ ಕಸುಬಿನ ಎಲ್ಲರಿಗೂ ಗೊತ್ತಿದೆ. ಹಿಂಬದಿಯ ತೊಗಲು ಸಲೀಸಾಗಿ ಬಿಡುತ್ತದೆ. ಬಿದಿರಿನ ಮೊಂಡು ಸೀಳಿನಿಂದ ಅಂಚಿನವರೆಗೂ ಹೋಗಿ, ತುದಿಯಲ್ಲಿ ಕಾಲಿಂಚು ಉಳಿಸಿದರೂ ಕೂದಲು ಉದುರುವುದು ಅಲ್ಲಿಂದಲೇ. ಒಳಬದಿಯ ತೊಗಲು ತೆಳ್ಳಗೆ, ಕಾರ್ಟಿಲೇಜಿಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ಹಸಿಯಲ್ಲಿ ಕಿತ್ತರೆ ಹರಿಯುತ್ತದೆ. ಅದಕ್ಕೇ ನಾನು ಮೊದಲು ಉಪ್ಪು, ಆಮೇಲೆ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು. ಲೀಟರಿಗೆ ಹರಳುಪ್ಪು 100-120 ಗ್ರಾಂ, ನಿಂಬೆ ಉಪ್ಪು 20ಕ್ಕಿಂತ ತುಸು ಜಾಸ್ತಿ. ಉಪ್ಪು ಕಡಿಮೆಯಾದರೆ ಹುಳಿಗೆ ತೊಗಲು ಊದಿಕೊಳ್ಳುತ್ತದೆ, ಜಿಪುಣತನ ಬೇಡ. ಅದರಿಂದ ತೆಗೆದ ಮೇಲೆ ತುದಿಯಿಂದ ಹೆಬ್ಬೆರಳ ಉಗುರಿನಲ್ಲಿ ನೂಕುತ್ತಾ ಬಂದರೆ ಕಾರ್ಟಿಲೇಜ್ ಬಿಳಿ ಚಿಪ್ಪಿನ ಹಾಗೆ ಇಡಿಯಾಗಿ ಕೈಗೆ ಬರುತ್ತದೆ. ಆಮೇಲಿನ ಅಡಿಗೆ ಸೋಡಾ, ಪಟಕ, ತೊಗಲಿನ ಹದ ಎಲ್ಲ ನಿಮ್ಮ ನಿಮ್ಮ ಪದ್ಧತಿಯಂತೆ.

ಆ ಚಿಪ್ಪನ್ನು ಒಣಗಲು ಬಿಡಬೇಡಿ. ಒದ್ದೆಯಿದ್ದಾಗಲೇ ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಚ್ಚು ತೆಗೆಯಬೇಕು, ಎಡಬಲ ಬೇರೆ ಬೇರೆ. ಅಚ್ಚಿನ ಮೇಲೆ ಮಲ್ ಬಟ್ಟೆ, ಅದರ ಮೇಲೆ ತೆಳ್ಳಗೆ ಕಿಟ್ಟ, ನಡುವೆ ಕೆಳ ಅಂಚಿಗೆ ಸಣ್ಣ ತಾಮ್ರದ ತಂತಿ, ಮತ್ತೆ ಕಿಟ್ಟ. ಜೋಲು ಎಷ್ಟು ಬೇಕೋ ಅಷ್ಟಕ್ಕೆ ಕೊನೆಯಲ್ಲಿ ಬಗ್ಗಿಸಲು ಈ ತಂತಿಯೇ ಆಧಾರ. ಒಣಗಿದ ಮೇಲೆ ಪೋಸ್ಟ್‌ಕಾರ್ಡಿನ ಎರಡು-ಮೂರರಷ್ಟು ದಪ್ಪಕ್ಕೆ ಉಜ್ಜುತ್ತೇನೆ. ಹುಣಸೆ ಅಂಟು ಹುಳಕ್ಕೆ ಪ್ರೀತಿ, ಕಲಸುವಾಗಲೇ ಚಿಟಿಕೆ ಮೈಲುತುತ್ತ ಬೀಳಬೇಕು. ಹಸಿ ತೊಗಲು ತಾಗಿ ಕಿಟ್ಟ ಮೆತ್ತಗಾಗುತ್ತದೆ ಅನ್ನುವ ಆಕ್ಷೇಪ ನಿಜವೇ. ಅರಗಿನ ಪಾಲಿಶ್ ಎರಡು ಕೈ ಹೊಡೆದರೆ ಆ ತಕರಾರು ಮುಗಿಯಿತು. ಮೇಲೆ 60 ನಂಬರ್ ಉಜ್ಜುಕಾಗದ ಒರಟಾಗಿ ಎಳೆಯಿರಿ. ಅಂಟಿಗೆ ನಾನು ಸೇರಿಸುವ ಇನ್ನೊಂದು ಪದಾರ್ಥವಿದೆ, ಅದು ನನ್ನ ಶೆಡ್ಡಿನಲ್ಲೇ ಇರಲಿ.

ಅಂಟು ಬಳಿದ ಕಿಟ್ಟದ ಹಾಳೆಯನ್ನು ಕಿವಿಯೊಳಗೆ ಕೂಡಿಸಿದ ಮೇಲೆ ಗುಳಿಯೊಳಗೆ ಬೆರಳಿಟ್ಟು ಗಾಳಿಯೆಲ್ಲ ಹೊರಗೆ ಒತ್ತಿ, ಎರಡೂ ಬದಿಗೆ ರಟ್ಟು ಕೊಟ್ಟು ಬಟ್ಟೆ ಕ್ಲಿಪ್ ಹಾಕಬೇಕು. ಬುಡಕ್ಕೆ ಟಾಚಣಿ. ತುದಿ ಒಂದೇ ದಿನಕ್ಕೆ ಒಣಗುತ್ತದೆ, ಬುಡ ವಾರವಾದರೂ ಹಸಿ; ತುದಿಗೆ ರಾತ್ರಿ ಪ್ಲಾಸ್ಟಿಕ್ ಚೀಲ ಸುತ್ತಿ ಎರಡನ್ನೂ ಒಂದೇ ವೇಗಕ್ಕೆ ತರುತ್ತೇನೆ. ಫ್ಯಾನ್, ಕೂಲರ್ ಎರಡೂ ಬಂದ್. ಬೇಸಿಗೆಯ ಕೆಲಸವಿದ್ದರೆ ಇದನ್ನು ತಪ್ಪಿಸಲೇಬೇಡಿ.

ಖರ್ಚು ಜೋಡಿಗೆ 50-60 ರೂಪಾಯಿ, ಪಿಒಪಿ ಸೇರಿಸಿದರೂ ನೂರರೊಳಗೆ. ಅಚ್ಚು ಉಳಿಯುತ್ತದೆ, ಅದೇ ಅಳತೆಯ ಟಗರು ಬಂದರೆ ಎರಡನೆಯ ಬಾರಿ ಇನ್ನೂ ಅಗ್ಗ. ತಲೆಗೆ ಈಗ 14-15 ಸಾವಿರ ಕೇಳುತ್ತೇನೆ, ಚೌಕಾಸಿ ಮಾಡುವವರು ಕಿವಿ ನೋಡಿದ ಮೇಲೆ ಮಾಡುವುದಿಲ್ಲ. ನನಗೆ ಕಲಿಸಿದ ಹಿರಿಯರೇ ಹೋದ ದೀಪಾವಳಿಗೆ ಒಂದು ಜೋಡಿ ಮಾಡಿಸಿಕೊಂಡು ಹೋದರು. ಬೇರೆ ಯಾರಿಗಾದರೂ ಬೇಕಿದ್ದರೆ ಕಾರ್ಟಿಲೇಜನ್ನು ಉಪ್ಪುನೀರಿನಲ್ಲಿಟ್ಟು, ಎಡ-ಬಲ ಗುರುತು ಹಾಕಿ ತನ್ನಿ, 250ಕ್ಕೆ ಮಾಡಿಕೊಡುತ್ತೇನೆ. ಒಣಗಿಸಿ ತಂದದ್ದಕ್ಕೆ ಅಚ್ಚು ಬರುವುದಿಲ್ಲ.