ಟೈಫಾಯ್ಡ್ ಲಸಿಕೆ ಹಾಕಿದ ಮೇಲೆ ಮಗುವಿನ ಮೈಯಲ್ಲಿ ಪ್ರತಿಕಾಯ ತಯಾರಾಗುವುದು ಹೇಗೆ?

ನವಿ ಮುಂಬಯಿ ಪಾಲಿಕೆ 2018ರಲ್ಲಿ 9 ತಿಂಗಳಿಂದ 14 ವರ್ಷದವರೆಗಿನ ಮಕ್ಕಳಿಗೆ ಟೈಫಾಯ್ಡ್ ಕಾಂಜುಗೇಟ್ ಲಸಿಕೆಯ ಅಭಿಯಾನ ಶುರು ಮಾಡಿತು. ಸರ್ಕಾರಿ ಮಟ್ಟದಲ್ಲಿ ಈ ಲಸಿಕೆ ಬಳಸಿದ್ದು ಜಗತ್ತಿನಲ್ಲೇ ಮೊದಲು. ಇಲ್ಲಿನ ನಮ್ಮ ಕನ್ನಡದ ತಾಯಂದಿರಿಗೆ ಒಂದು ಪ್ರಶ್ನೆ ಬರುವುದು ಸಹಜ. ಹಳೆಯ ಟೈಫಾಯ್ಡ್ ಸೂಜಿಯನ್ನು 2 ವರ್ಷದೊಳಗಿನ ಮಗುವಿಗೆ ಕೊಡುತ್ತಿರಲಿಲ್ಲ, ಇದನ್ನು ಕೊಡಬಹುದು. ಯಾಕೆ?

ಟೈಫಾಯ್ಡ್ ರೋಗಾಣುವಿನ ಮೈಮೇಲೆ ಒಂದು ಬಗೆಯ ಸಕ್ಕರೆಯ ಪದರ ಇರುತ್ತದೆ. ಹಳೆಯ ಸೂಜಿಯಲ್ಲಿ ಇದ್ದದ್ದು ಆ ಸಕ್ಕರೆ ಮಾತ್ರ. ಹೊಸದರಲ್ಲಿ ಅದಕ್ಕೆ ವಿಷ ತೆಗೆದ ಧನುರ್ವಾಯು ಪ್ರೋಟೀನ್ ಅಂಟಿಸಿದ್ದಾರೆ. ಕಾಂಜುಗೇಟ್ ಅಂದರೆ ಹೀಗೆ ಅಂಟಿಸಿದ್ದು. ಗುಟ್ಟು ಇರುವುದೇ ಇಲ್ಲಿ.

ಹಂತ 1: ಹಿಡಿಯುವುದು. ಪ್ರತಿಕಾಯ ಅಂದರೆ ರೋಗಾಣುವನ್ನು ಹಿಡಿಯುವ ಪ್ರೋಟೀನ್. ಅದನ್ನು ಮಾಡುವುದು ಬಿ ಕೋಶ ಎಂಬ ಬಗೆಯ ಬಿಳಿ ರಕ್ತಕಣಗಳ ಕೆಲಸ. ಜೀನ್ ತುಂಡುಗಳು ಬೇರೆ ಬೇರೆ ರೀತಿ ಜೋಡಣೆಯಾಗಿ ಒಂದೊಂದು ಕೋಶಕ್ಕೆ ಒಂದೊಂದು ಬಗೆಯ ಹಿಡಿತ ಬಂದಿರುತ್ತದೆ. ಇದನ್ನು ಕಂಡುಹಿಡಿದ ವಿಜ್ಞಾನಿ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಸಕ್ಕರೆಗೆ ಹೊಂದುವ ಬಿ ಕೋಶ ಅದನ್ನು ಹಿಡಿದು, ಅಂಟಿಕೊಂಡ ಪ್ರೋಟೀನ್ ಸಮೇತ ನುಂಗುತ್ತದೆ.

ಹಂತ 2: ತೋರಿಸುವುದು. ನುಂಗಿದ ಪ್ರೋಟೀನನ್ನು ತುಂಡು ಮಾಡಿ ತನ್ನ ಮೈಮೇಲೆ ಇಟ್ಟುಕೊಳ್ಳುತ್ತದೆ. ಸಹಾಯಕ ಟಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಆ ತುಂಡನ್ನು ಗುರುತಿಸಿ, ಮುಂದುವರಿ ಎಂಬ ಸಂಕೇತ ಕೊಡುತ್ತದೆ. ಬರೀ ಸಕ್ಕರೆಯಾದರೆ ತೋರಿಸಲು ತುಂಡೇ ಇಲ್ಲ, ಟಿ ಕೋಶದ ನೆರವೂ ಇಲ್ಲ. ಆ ನೆರವಿಲ್ಲದೆ ಎಳೆಯ ಮಕ್ಕಳ ಬಿ ಕೋಶಗಳು ಸರಿಯಾಗಿ ಎಚ್ಚರಗೊಳ್ಳುವುದಿಲ್ಲ.

ಹಂತ 3: ಆರಿಸುವುದು. ನನಗೆ ಅತಿ ಸೋಜಿಗ ಅನ್ನಿಸುವುದು ಇದೇ. ದುಗ್ಧಗ್ರಂಥಿಯೊಳಗೆ (ಲಿಂಫ್ ನೋಡ್) ಬಿ ಕೋಶಗಳು ಬೇಗ ಬೇಗ ಎರಡಾಗುತ್ತವೆ. ಹಾಗೆ ಆಗುವಾಗ ತಮ್ಮ ಪ್ರತಿಕಾಯದ ಜೀನನ್ನು ತಾವೇ ಅಲ್ಲಲ್ಲಿ ಬದಲಿಸಿಕೊಳ್ಳುತ್ತವೆ. ಎಷ್ಟೋ ಬದಲಾವಣೆಗಳಿಂದ ಹಿಡಿತ ಕೆಡುತ್ತದೆ, ಕೆಲವದರಿಂದ ಗಟ್ಟಿಯಾಗುತ್ತದೆ. ಗಟ್ಟಿಯಾಗಿ ಹಿಡಿಯುವ ಕೋಶ ಜಾಸ್ತಿ ನುಂಗುತ್ತದೆ, ಜಾಸ್ತಿ ತುಂಡು ತೋರಿಸುತ್ತದೆ. ಟಿ ಕೋಶದ ನೆರವೂ ಅದಕ್ಕೇ ಜಾಸ್ತಿ ಸಿಗುತ್ತದೆ. ನೆರವು ಸಿಗದವು ಸಾಯುತ್ತವೆ. ಮತ್ತೆ ಬದಲಾವಣೆ, ಮತ್ತೆ ಆಯ್ಕೆ. ವಾರಗಟ್ಟಲೆ ಇದು ನಡೆಯುತ್ತದೆ. ಟಿ ಕೋಶ ಆ ಸಕ್ಕರೆಯನ್ನು ಒಮ್ಮೆಯೂ ಗುರುತಿಸುವುದಿಲ್ಲ. ಆದರೂ ಸಕ್ಕರೆಗೆ ಯಾವ ಪ್ರತಿಕಾಯ ಉಳಿಯಬೇಕು ಅನ್ನುವುದು ಅದರ ಕೈಯಲ್ಲೇ ಇದೆ.

ಹಂತ 4: ಉಳಿಸುವುದು. ಅದೇ ನೆರವಿನಿಂದ ಬಿ ಕೋಶ ಮೊದಲು ಮಾಡುವ ಐಜಿಎಂ ಎಂಬ ಬಗೆಯ ಪ್ರತಿಕಾಯ ಬಿಟ್ಟು, ಐಜಿಜಿ ಎಂಬ ಇನ್ನೊಂದು ಬಗೆಯದನ್ನು ಮಾಡತೊಡಗುತ್ತದೆ. ಆ ಸಕ್ಕರೆಯನ್ನು ಮುಂದೆಯೂ ಗುರುತಿಸುವ ನೆನಪಿನ ಕೋಶಗಳೂ ಹುಟ್ಟುತ್ತವೆ. ಟಿ ಕೋಶದ ಈ ಸಂಕೇತ ಹುಟ್ಟಿನಿಂದಲೇ ಕೆಟ್ಟಿರುವ ಅಪರೂಪದ ಮಕ್ಕಳಿದ್ದಾರೆ. ಅವರ ರಕ್ತದಲ್ಲಿ ಐಜಿಎಂ ಇರುತ್ತದೆ, ಐಜಿಜಿ ತೀರಾ ಕಡಿಮೆ. ಅವರಿಗೆ ಸೋಂಕು ಮೇಲಿಂದ ಮೇಲೆ ಬರುತ್ತದೆ.

ನ್ಯುಮೋನಿಯಾ ತಡೆಯುವ ಪಿಸಿವಿಯೂ ಸಕ್ಕರೆಗೆ ಪ್ರೋಟೀನ್ ಅಂಟಿಸಿದ ಇದೇ ಜಾತಿಯ ಲಸಿಕೆ. ಸರ್ಕಾರಿ ಪಟ್ಟಿಯಲ್ಲಿ ಅದು 6 ವಾರ, 14 ವಾರ, ಆಮೇಲೆ 9 ತಿಂಗಳಿಗೆ. ಕೊನೆಯದು ನೆನಪಿನ ಕೋಶಗಳನ್ನು ಮತ್ತೆ ಕೆಲಸಕ್ಕೆ ಹಚ್ಚುವ ಡೋಸ್. ಅದನ್ನು ಬಿಡಬೇಡಿ. ಆ ಹೊತ್ತಿಗೆ ನೀವು ಉಡುಪಿಗೋ ಕಲಬುರಗಿಗೋ ಊರಿಗೆ ಹೋಗಿದ್ದರೂ ತೊಂದರೆಯಿಲ್ಲ. ಪಟ್ಟಿ ದೇಶಕ್ಕೆಲ್ಲ ಒಂದೇ. ಮಗುವಿನ ಕಾರ್ಡ್ ಜೊತೆಗಿದ್ದರೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಹಾಕಿಸಬಹುದು.