ಬಲಸೀಟಿನಿಂದ ಕಲಿಸಲು ಕಲಿತದ್ದು: ಎಫ್‌ಎಎ ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್

ಅಮೆರಿಕದಲ್ಲಿ ವಿಮಾನ ಹಾರಿಸಲು ಕಲಿಸುವ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಲು ಎಫ್‌ಎಎ (ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ) ಕೇಳುವ ಕಾಗದದ ಮೇಲಿನ ಅರ್ಹತೆ ದೊಡ್ಡದಲ್ಲ. 18 ತುಂಬಿರಬೇಕು. ಕಮರ್ಷಿಯಲ್ ಅಥವಾ ಎಟಿಪಿ (ಏರ್‌ಲೈನ್ ಪೈಲಟ್ ದರ್ಜೆಯ) ಸರ್ಟಿಫಿಕೇಟ್, ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣಗಳನ್ನಷ್ಟೇ ನೋಡಿ ಹಾರುವ ಅರ್ಹತೆ), ಕಲಿಸಲಿರುವ ಕ್ಲಾಸಿನ ವಿಮಾನದಲ್ಲಿ 15 ಗಂಟೆ ಪಿಐಸಿ (ವಿಮಾನದ ಹೊಣೆ ಹೊತ್ತ ಪೈಲಟ್) ಅನುಭವ ಬೇಕು. ಲಿಖಿತ ಪರೀಕ್ಷೆ ಎರಡು: ಬೋಧನೆಯ ಮೂಲತತ್ವಗಳದ್ದು 50 ಪ್ರಶ್ನೆ, ವಿಮಾನದ್ದು 100. ಪಾಸಾಗಲು ಶೇ. 70 ಸಾಕು. ಇಷ್ಟನ್ನು ಓದಿ ಮುಗಿಸಬಹುದು. ಕಷ್ಟವಿರುವುದು ಚೆಕ್‌ರೈಡ್‌ನಲ್ಲಿ, ಅಂದರೆ ಮೌಖಿಕ ಮತ್ತು ಹಾರಾಟದ ಪರೀಕ್ಷೆಯಲ್ಲಿ. ಅಲ್ಲಿ ಪರೀಕ್ಷಕರು ನಮಗೆ ಎಷ್ಟು ಗೊತ್ತು ಎಂದಷ್ಟೇ ಕೇಳುವುದಿಲ್ಲ, ‘ನನಗೆ ಕಲಿಸಿ’ ಎನ್ನುತ್ತಾರೆ.

ಅದಕ್ಕೇ ಲೆಸನ್ ಪ್ಲಾನ್‌ಗಳನ್ನು ದುಡ್ಡು ಕೊಟ್ಟು ತರದೆ ನಾನೇ ಬರೆದುಕೊಂಡೆ. ಪ್ರತಿ ಪಾಠಕ್ಕೂ ಒಂದೇ ಪುಟ: ಉದ್ದೇಶ, ಬೋರ್ಡಿನ ಮೇಲೆ ಬಿಡಿಸುವ ಚಿತ್ರ, ಗಾಳಿಯಲ್ಲಿ ಮಾಡುವ ಕ್ರಮ, ವಿದ್ಯಾರ್ಥಿ ಮಾಡುವ ತಪ್ಪು ಮತ್ತು ಅದರ ಕಾರಣ. ಬೇರೆಯವರ ಪ್ಲಾನ್ ಓದಿದವರು ಎರಡನೇ ‘ಯಾಕೆ’ಗೆ ತಡವರಿಸುತ್ತಾರೆ. ಎಯ್ಟ್ಸ್ ಆನ್ ಪೈಲಾನ್ಸ್ ತೆಗೆದುಕೊಳ್ಳಿ: ನೆಲದ ಮೇಲಿನ ಎರಡು ಗುರುತುಗಳ (ಪೈಲಾನ್) ಸುತ್ತ, ರೆಕ್ಕೆಯ ಗುರುತನ್ನು ಪೈಲಾನ್ ಮೇಲೇ ಇಟ್ಟುಕೊಂಡು, ಎಂಟರ ಆಕಾರದಲ್ಲಿ ಹಾರುವುದು. ನಾಟ್‌ಗಳಲ್ಲಿರುವ ಗ್ರೌಂಡ್‌ಸ್ಪೀಡ್‌ನ (ನೆಲಕ್ಕೆ ಹೋಲಿಸಿದ ವೇಗದ) ವರ್ಗವನ್ನು 11.3ರಿಂದ ಭಾಗಿಸಿದರೆ ಪಿವಟಲ್ ಎತ್ತರ, ಅಂದರೆ ಪೈಲಾನ್ ರೆಕ್ಕೆಯ ಗುರುತಿನಲ್ಲೇ ನಿಲ್ಲುವ ಎತ್ತರ, ಅಡಿಗಳಲ್ಲಿ ಸಿಗುತ್ತದೆ. 100 ನಾಟ್‌ಗೆ ಸುಮಾರು 885 ಅಡಿ. ಬೆನ್ನಗಾಳಿಯಲ್ಲಿ ವೇಗ ಹೆಚ್ಚು, ಆದ್ದರಿಂದ ಎತ್ತರವೂ ಹೆಚ್ಚು ಬೇಕು. ಪೈಲಾನ್ ರೆಕ್ಕೆಯ ಗುರುತಿಗಿಂತ ಮುಂದೆ ಸರಿದರೆ ಕೆಳಗಿಳಿಯಬೇಕು, ಹಿಂದೆ ಸರಿದರೆ ಏರಬೇಕು. ವಿದ್ಯಾರ್ಥಿ ಮಾತ್ರ ರಡ್ಡರ್ (ಮೂತಿಯನ್ನು ಎಡ ಬಲಕ್ಕೆ ಹೊರಳಿಸುವ ಬಾಲದ ಪಟ್ಟಿ) ಒತ್ತಿ ಪೈಲಾನನ್ನು ಹಿಡಿದಿಡಲು ನೋಡುತ್ತಾನೆ, ವಿಮಾನ ಸ್ಕಿಡ್ ಆಗುತ್ತದೆ, ತಿರುವಿನಲ್ಲಿ ಹೊರಕ್ಕೆ ಜಾರುತ್ತದೆ. ಇಷ್ಟನ್ನೂ ಸೂತ್ರ ನೋಡದೆ ಬಿಡಿಸಿ ಹೇಳಲು ಬಂದರೆ ಪಾಠ ಸಿದ್ಧ ಎಂದರ್ಥ.

ವಿದ್ಯಾರ್ಥಿ ಎಡಸೀಟಿನಲ್ಲಿ, ಕಲಿಸುವವರು ಬಲಸೀಟಿನಲ್ಲಿ. ಬಲಸೀಟಿಗೆ ಬಂದಾಗ ಕೈಗಳ ಕೆಲಸ ಅದಲು ಬದಲಾಗುತ್ತದೆ: ಥ್ರಾಟಲ್ ಎಡಗೈಗೆ, ಯೋಕ್ (ಹಾರಾಟದ ಹಿಡಿಕೆ) ಬಲಗೈಗೆ. ಕೈ ಬೇಗ ಒಗ್ಗುತ್ತದೆ, ಕಣ್ಣು ಒಗ್ಗುವುದಿಲ್ಲ. ಮೂತಿಯ ನಡುಭಾಗವನ್ನು ರನ್‌ವೇ ಗೆರೆಗೆ ಹೊಂದಿಸಿದರೆ ವಿಮಾನ ಬಲಕ್ಕೆ ಓರೆಯಾಗಿ ಚಕ್ರ ಊರುತ್ತದೆ. ನಮ್ಮ ಎದೆಗೆ ನೇರವಾಗಿ ಕೌಲಿಂಗ್ (ಎಂಜಿನ್ ಮೇಲಿನ ಹೊದಿಕೆ) ಮೇಲಿರುವ ಒಂದು ರಿವೆಟ್ಟನ್ನೋ ಸ್ಕ್ರೂವನ್ನೋ ಗುರುತಿಟ್ಟುಕೊಂಡು ಅದನ್ನೇ ನೋಡಬೇಕು. ಸ್ಪೀಡ್ ಮೀಟರ್ ಎಡತುದಿಯಲ್ಲಿರುವ ಪ್ಯಾನೆಲ್‌ನಲ್ಲಿ ಮುಳ್ಳು ಓರೆಯಾಗಿ ಕಾಣುವುದರಿಂದ ಕೆಲವು ನಾಟ್ ತಪ್ಪಾಗಿ ಓದುತ್ತೇವೆ. ಹಾರಿಸುತ್ತಲೇ ಮಾತಾಡುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು. ನಾನು ಮೊದಲು ನೆಲದ ಮೇಲೆ ಕುರ್ಚಿಯಲ್ಲಿ ಕೂತು ಪ್ರತಿ ಮನೂವರ್‌ನ ವಿವರಣೆಯನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಅದನ್ನೇ ಗಾಳಿಯಲ್ಲಿ ಹೇಳುತ್ತಿದ್ದೆ.

ಸ್ಪಿನ್ (ಸ್ಟಾಲ್ ಆದ ವಿಮಾನ ಗಿರಗಿರನೆ ಸುತ್ತುತ್ತ ಕೆಳಗಿಳಿಯುವುದು) ತರಬೇತಿಯ ಎಂಡಾರ್ಸ್‌ಮೆಂಟ್, ಅಂದರೆ ಲಾಗ್‌ಬುಕ್ಕಿನಲ್ಲಿ ಇನ್‌ಸ್ಟ್ರಕ್ಟರ್‌ನ ಸಹಿ ಇರುವ ಒಪ್ಪಿಗೆ, ಇಲ್ಲದೆ ಚೆಕ್‌ರೈಡ್‌ಗೆ ಕೂರುವಂತಿಲ್ಲ. ಇದನ್ನು ಕಾಟಾಚಾರಕ್ಕೆ ಮುಗಿಸುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಸೆಸ್ನಾ 172ರಲ್ಲಿ ಸ್ಪಿನ್ ಮಾಡಲು ತೂಕ ಮತ್ತು ಸಿಜಿ (ಗುರುತ್ವ ಕೇಂದ್ರ) ಯುಟಿಲಿಟಿ ಕೆಟಗರಿಯ ಬಿಗಿ ಮಿತಿಯೊಳಗಿರಬೇಕು, ಹಿಂದಿನ ಸೀಟು ಖಾಲಿ ಇರಬೇಕು. ಸಣ್ಣ ತರಬೇತಿ ವಿಮಾನ ಸುಮಾರು ಮೂರು ಸೆಕೆಂಡಿನ ಒಂದು ಸುತ್ತಿಗೆ 500 ಅಡಿಯಷ್ಟು ಕಳೆದುಕೊಳ್ಳುತ್ತದೆ, ಹಾಗಾಗಿ ಸಾಕಷ್ಟು ಎತ್ತರದಿಂದಲೇ ಶುರು ಮಾಡಬೇಕು. ಸ್ಪಿನ್‌ನಿಂದ ಹೊರಬರುವ ಕ್ರಮ: ಪವರ್ ಐಡಲ್, ಏಲರಾನ್ (ರೆಕ್ಕೆಯಂಚಿನ ಓರೆಮಾಡುವ ಪಟ್ಟಿಗಳು) ನ್ಯೂಟ್ರಲ್, ಸುತ್ತಿನ ವಿರುದ್ಧಕ್ಕೆ ಪೂರ್ತಿ ರಡ್ಡರ್, ಯೋಕ್ ಮುಂದಕ್ಕೆ. ಸುತ್ತು ನಿಂತೊಡನೆ ರಡ್ಡರ್ ನ್ಯೂಟ್ರಲ್ ಮಾಡಿ ಮೆಲ್ಲಗೆ ಮೇಲೆತ್ತಬೇಕು. ನೇರ ಸ್ಟಾಲ್‌ನಿಂದ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಒಂದು ಸಲ ಮಾಡಿ ಸಹಿ ಹಾಕಿಸಿಕೊಂಡರೆ ಸಾಲದು. ಇಳಿಯುವ ಮುನ್ನ ಬೇಸ್‌ನಿಂದ ಫೈನಲ್‌ಗೆ (ರನ್‌ವೇಗೆ ನೇರವಾಗುವ ಕೊನೆಯ ತಿರುವು) ಹೊರಳುವಾಗ ರಡ್ಡರ್ ಜಾಸ್ತಿಯಾಗಿ ಆಗುವ ಸ್ಕಿಡ್ ತಿರುವನ್ನು ಎತ್ತರದಲ್ಲಿ ಮಾಡಿ ನೋಡಿ. ವಿದ್ಯಾರ್ಥಿ ನಮ್ಮನ್ನು ಸಿಕ್ಕಿಸುವುದು ಆ ತಿರುವಿನಲ್ಲೇ, ಮತ್ತು ನಿಜವಾದ ಇಳಿಯುವಿಕೆಯ ಕಡಿಮೆ ಎತ್ತರದಲ್ಲಿ ಚೇತರಿಕೆಗೆ ಜಾಗವೇ ಇರುವುದಿಲ್ಲ.

ಎಂಡಾರ್ಸ್‌ಮೆಂಟ್ ಬರೆಯುವುದನ್ನೂ ಪರೀಕ್ಷಕರು ಕೇಳುತ್ತಾರೆ. ಎಫ್‌ಎಎಯ ಸಲಹಾ ಸುತ್ತೋಲೆ ಎಸಿ 61-65ರಲ್ಲಿ ಮಾದರಿ ವಾಕ್ಯಗಳಿವೆ, ಅವನ್ನು ಹಾಗೇ ಬಳಸಿ. ಸೋಲೋ (ವಿದ್ಯಾರ್ಥಿ ಒಬ್ಬನೇ ಹಾರುವ) ಎಂಡಾರ್ಸ್‌ಮೆಂಟ್ ನಿರ್ದಿಷ್ಟ ಮೇಕ್ ಮತ್ತು ಮಾಡೆಲ್‌ಗೆ 90 ದಿನ ಮಾತ್ರ ನಡೆಯುತ್ತದೆ. ದಿನಾಂಕ ಬಿಟ್ಟರೆ ಅದಕ್ಕೆ ಬೆಲೆಯಿಲ್ಲ. ಯಾವುದೇ 24 ಗಂಟೆಯಲ್ಲಿ 8 ಗಂಟೆಗಿಂತ ಹೆಚ್ಚು ಹಾರಾಟ ಕಲಿಸುವಂತಿಲ್ಲ. ಭಾರತದಿಂದ ಬಂದ ವಿದ್ಯಾರ್ಥಿಯಾದರೆ, ಪೈಲಟ್ ಸರ್ಟಿಫಿಕೇಟಿನ ಹಾರಾಟ ಪಾಠ ಶುರು ಮಾಡುವ ಮೊದಲೇ ಟಿಎಸ್‌ಎ (ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ) ಭದ್ರತಾ ಪರಿಶೀಲನೆಯ ಒಪ್ಪಿಗೆ ಬಂದಿದೆಯೇ ಎಂದು ನೋಡಿ, ಅದರ ದಾಖಲೆ ಇಟ್ಟುಕೊಳ್ಳಿ.